ಮೂರು ಹಾಡು, ಹದಿನೈದು ನಿಮಿಷ: ಫ್ರೀಸ್ಟೈಲ್ ಗಾಯಕಿಯ ಕಸುಬು

ಫ್ರೀಸ್ಟೈಲ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ನಿಂತ ನಿಲುವಿನಲ್ಲೇ ಪ್ರಾಸ ಕಟ್ಟುವ ರ‍್ಯಾಪ್. ಇಲ್ಲಿ ಹೇಳಹೊರಟಿರುವುದು ಅದನ್ನಲ್ಲ. 1980ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್, ಸ್ಪ್ಯಾನಿಷ್ ಹಾರ್ಲೆಮ್, ಬ್ರೂಕ್ಲಿನ್‌ಗಳ ಪೋರ್ಟೊರಿಕೊ ಮೂಲದ ಹುಡುಗ ಹುಡುಗಿಯರು, ಅತ್ತ ಮಯಾಮಿಯಲ್ಲಿ ಕ್ಯೂಬಾ ಮೂಲದವರು ಮತ್ತು ಅವರ ನೆರೆಹೊರೆಯವರು ಸೇರಿ ಬೆಳೆಸಿದ ಕುಣಿತದ ಸಂಗೀತ ಇದು. ಡ್ರಮ್ಸ್ ಮೆಷಿನ್ನಿನದು, ಸ್ವರ ಸಿಂಥಸೈಜರಿನದು, ಮೇಲೆ ಮುರಿದ ಪ್ರೀತಿಯ ಮಾತನ್ನು ಅಳುದನಿಯಲ್ಲಿ ಹಾಡುವ ಹದಿಹರೆಯದ ಕಂಠ. ಮೊದಮೊದಲು ಇದನ್ನು ಲ್ಯಾಟಿನ್ ಹಿಪ್‌ಹಾಪ್ ಅಂತಲೇ ಕರೆಯುತ್ತಿದ್ದರು.

ಈ ಸಂಗೀತದ ಚರಿತ್ರೆ ಬರೆಯುವವರು ನಿರ್ಮಾಪಕರ ಬಗ್ಗೆ, ಮೆಷಿನ್ನುಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಹಾಡಿದವರ ಬಗ್ಗೆ ಎರಡು ಸಾಲು. ಆದರೆ ನಲವತ್ತು ವರ್ಷ ಕಳೆದರೂ ಶನಿವಾರ ರಾತ್ರಿ ವೇದಿಕೆ ಹತ್ತಿ ದುಡಿಯುತ್ತಿರುವವರು ಅವರೇ. ಅವರ ಸಂಪಾದನೆಯ ಮೂಲ ರೆಕಾರ್ಡಲ್ಲ. ಕೈಯಲ್ಲೊಂದು ಟ್ರ್ಯಾಕ್ (ವೇದಿಕೆಯಲ್ಲಿ ಹಾಡುವಾಗ ಹಿಂದೆ ಹಾಕುವ ಧ್ವನಿಮುದ್ರಿಕೆ), ಬೆನ್ನಿಗೊಂದು ಹೆಸರು, ಈ ಎರಡು ಸ್ವಂತದ್ದಾಗಿದ್ದರೆ ಗಾಯಕಿ ಉಳಿದಳು. ಎರಡರಲ್ಲಿ ಒಂದು ಬೇರೆಯವರ ಬೀರುವಿನಲ್ಲಿದ್ದರೆ ಎಂಥ ಹಿಟ್ ಇದ್ದರೂ ಮನೆ ಬಾಡಿಗೆಗೆ ಪರದಾಟ.

ಮೊದಲು ದನಿಯಿಂದ ಶುರು ಮಾಡೋಣ. 1982ರಲ್ಲಿ ಹಿಪ್‌ಹಾಪ್ ಡಿಜೆ ಆಫ್ರಿಕಾ ಬಂಬಾಟಾ ಅವರ "ಪ್ಲಾನೆಟ್ ರಾಕ್" ಬಂದು ರೋಲ್ಯಾಂಡ್ ಟಿಆರ್-808 ಡ್ರಮ್ ಮೆಷಿನ್ನಿನ ಸದ್ದನ್ನು ನ್ಯೂಯಾರ್ಕಿನ ಬೀದಿಬೀದಿಗೆ ಹರಡಿತು. ಮರುವರ್ಷ ಕ್ರಿಸ್ ಬಾರ್ಬೋಸಾ ಮತ್ತು ಮಾರ್ಕ್ ಲಿಗೆಟ್ ಜೋಡಿ ಶಾನನ್ ಎಂಬ ಗಾಯಕಿಯಿಂದ "ಲೆಟ್ ದ ಮ್ಯೂಸಿಕ್ ಪ್ಲೇ" ಹಾಡಿಸಿದರು. 1984ರ ಆರಂಭದಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 8ನೇ ಸ್ಥಾನಕ್ಕೆ ಏರಿತು. ಡಿಸ್ಕೊದಲ್ಲಿ ಬೀಟಿಗೊಂದರಂತೆ ದಬ್ ದಬ್ ಅನ್ನುವ ಕಿಕ್ ಇಲ್ಲಿ ಒಡೆದು ಹೋಗಿದೆ. ಎಲ್ಲಿ ಬೀಳುತ್ತದೆ ಅಂತ ಕಾಯುತ್ತೀರೋ ಅಲ್ಲಿ ಬೀಳದೆ, ಪಕ್ಕದಲ್ಲಿ ಬೀಳುತ್ತದೆ. ಆ ಖಾಲಿ ಜಾಗಗಳಲ್ಲಿ ಕೌಬೆಲ್, ಟಿಂಬಾಲೆಯಂಥ ಲ್ಯಾಟಿನ್ ತಾಳದ ಒಳಪೆಟ್ಟುಗಳು. ಇನ್ನೊಂದು ಸಂಗತಿ ಬಹಳ ಜನಕ್ಕೆ ತಿಳಿಯದು: ಆ ಹಾಡಿನ ಪಲ್ಲವಿಯಲ್ಲಿ ಕೇಳುವ ಗಂಡುದನಿ ಜಿಮಿ ಟನೆಲ್ ಎಂಬ ಸ್ಟುಡಿಯೋ ಗಾಯಕನದು. ರೆಕಾರ್ಡಿನ ಮೇಲೆ ಅವರ ಹೆಸರಿರಲಿಲ್ಲ. ಹಾಡಿದವರೊಬ್ಬರು, ಹೆಸರು ಇನ್ನೊಬ್ಬರದು ಅನ್ನುವ ತಕರಾರು ಈ ಸಂಗೀತಕ್ಕೆ ಹುಟ್ಟುವಾಗಲೇ ಅಂಟಿಕೊಂಡಿತ್ತು ಅನ್ನಬಹುದು.

ಈ ಹಾಡುಗಳ ವೇಗ ಹೆಚ್ಚಾಗಿ ನಿಮಿಷಕ್ಕೆ 110ರಿಂದ 130 ಬೀಟ್. ಹಾಡುಗಾರ್ತಿಯ ಮಟ್ಟಿಗೆ ಇದರ ಅರ್ಥ ಏನು ಅಂತ ಲೆಕ್ಕ ಹಾಕಿ ನೋಡಿ. 120ರ ವೇಗದಲ್ಲಿ ನಾಲ್ಕು ಆವರ್ತದ ಒಂದು ಸಾಲು ಅಂದರೆ 16 ಬೀಟ್, ಸರಿಯಾಗಿ 8 ಸೆಕೆಂಡ್. ನಿಂತು ಹಾಡಿದರೆ ಒಂದೇ ಉಸಿರಿಗೆ ಸಲೀಸು. ಕುಣಿಯುತ್ತಾ ಹಾಡಿದರೆ ಆರನೇ ಸೆಕೆಂಡಿಗೆ ಉಸಿರು ಕಟ್ಟುತ್ತದೆ. ಅದಕ್ಕೇ ಸ್ಟುಡಿಯೋದಲ್ಲೇ ಸಾಲಿನ ಕೊನೆಯ ಪದವನ್ನು ಹಿನ್ನೆಲೆ ದನಿಗಳಿಗೂ ಕೊಟ್ಟಿರುತ್ತಾರೆ. ವೇದಿಕೆಯ ಮೇಲೆ ಗಾಯಕಿ ಆ ಪದ ಬಿಟ್ಟು ಉಸಿರು ಎಳೆದುಕೊಂಡರೂ ಕೇಳುವವರಿಗೆ ಸಾಲು ಪೂರ್ತಿಯಾಗಿಯೇ ಕೇಳುತ್ತದೆ.

ರೆಕಾರ್ಡಿಂಗಿನಲ್ಲಿ ಲೀಡ್ ದನಿಯನ್ನು, ಅಂದರೆ ಗಾಯಕಿಯ ಮುಖ್ಯ ದನಿಯನ್ನು, ಎರಡು ಮೂರು ಸಲ ಹಾಡಿಸಿ ಒಂದರ ಮೇಲೊಂದು ಕೂರಿಸುವುದು ವಾಡಿಕೆ. ಹದಿನೇಳು ಹದಿನೆಂಟರ ದನಿ, ಶಾಸ್ತ್ರೀಯ ತಾಲೀಮು ಇಲ್ಲ, ಶ್ರುತಿ ಅಲ್ಲಲ್ಲಿ ಒಂದು ಕೂದಲೆಳೆ ಕೆಳಗೆ. ಒಂದೇ ದನಿಯಾದರೆ ಅದು ತಪ್ಪಾಗಿ ಕೇಳುತ್ತದೆ. ಎರಡು ದನಿ ಸೇರಿದರೆ ಅದೇ ತಪ್ಪು ದಪ್ಪವಾಗಿ, ಆರ್ದ್ರವಾಗಿ ಕೇಳುತ್ತದೆ. ಎಡವಟ್ಟಾಗುವುದು ವ್ಯಂಜನಗಳಲ್ಲಿ. ಪದದ ಕೊನೆಯ ‘ಸ್’, ‘ಟ್’ಗಳು ಎರಡು ಟೇಕಿನಲ್ಲಿ ಒಂದೇ ಕ್ಷಣಕ್ಕೆ ಬೀಳುವುದಿಲ್ಲ, ಟ-ಟಕ್ ಅಂತ ಕೇಳುತ್ತದೆ. ಅದಕ್ಕೆ ಮದ್ದು: ಎರಡನೇ ಸಲ ಹಾಡುವಾಗ ಕೊನೆಯ ವ್ಯಂಜನವನ್ನು ನುಂಗಿಬಿಡುವುದು. ಸ್ವರ ಎರಡು, ವ್ಯಂಜನ ಒಂದು. ಒಳ್ಳೆಯ ಗಾಯಕಿ ಇದನ್ನು ಒಂದೇ ದಿನದಲ್ಲಿ ಕಲಿಯುತ್ತಾಳೆ. ಕಲಿಯದವಳಿಗೆ ಸ್ಟುಡಿಯೋ ಗಂಟೆಗಳು ಹೆಚ್ಚು ಬೇಕು, ಆ ಗಂಟೆಗಳ ಬಿಲ್ಲು ಅವಳ ಖಾತೆಗೇ ಬೀಳುತ್ತದೆ.

ಇನ್ನು ತೊದಲು. ಫ್ರೀಸ್ಟೈಲ್ ಹಾಡು ಕೇಳಿದವರಿಗೆಲ್ಲ ಗೊತ್ತು, ಒಂದು ಅಕ್ಷರ ತ-ತ-ತ-ತ ಅಂತ ಮೆಷಿನ್‌ಗನ್ನಿನ ಹಾಗೆ ಮರುಕಳಿಸುತ್ತದೆ. ಈಗ ಕಂಪ್ಯೂಟರಿನಲ್ಲಿ ಎರಡು ಕ್ಲಿಕ್ಕಿನ ಕೆಲಸ. ಆಗ ಸದ್ದಿನ ತುಣುಕನ್ನು ಹಿಡಿದಿಟ್ಟು ಮತ್ತೆ ಮತ್ತೆ ನುಡಿಸುವ ಸ್ಯಾಂಪ್ಲರ್ ಇಲ್ಲದಿದ್ದರೆ ಬ್ಲೇಡಿನಿಂದ ಟೇಪು ಕತ್ತರಿಸಿ ಅಂಟಿಸಬೇಕಿತ್ತು. ಅಲ್ಬರ್ಟ್ ಕಬ್ರೇರಾ ಮತ್ತು ಟೋನಿ ಮೋರಾನ್, ಅಂದರೆ ಲ್ಯಾಟಿನ್ ರಾಸ್ಕಲ್ಸ್ ಜೋಡಿ, ಈ ಕತ್ತರಿ ಕೆಲಸಕ್ಕೇ ಹೆಸರಾದವರು. ಟೇಪು ಸೆಕೆಂಡಿಗೆ 15 ಇಂಚು ಓಡುತ್ತದೆ ಅಂದುಕೊಳ್ಳಿ. 120ರ ವೇಗದಲ್ಲಿ ಒಂದು ಬೀಟಿನ ಕಾಲು ಭಾಗಕ್ಕೆ 0.125 ಸೆಕೆಂಡ್, ಟೇಪಿನ ಮೇಲೆ 1.875 ಇಂಚು. ಒಂದು ಅಕ್ಷರ ನಾಲ್ಕು ಸಲ ಬರಬೇಕಾದರೆ ಅದೇ ಭಾಗವನ್ನು ನಾಲ್ಕು ಪ್ರತಿ ಮಾಡಿಕೊಂಡು, ಒಂದೊಂದರಿಂದಲೂ ಅಷ್ಟೇ ಉದ್ದದ ತುಂಡು ಕತ್ತರಿಸಿ, ಸಾಲಾಗಿ ಅಂಟಿಸಬೇಕು. ಒಂದು ತುಂಡು ಎಂಟನೇ ಒಂದು ಇಂಚು ಉದ್ದವಾದರೆ 8 ಮಿಲಿಸೆಕೆಂಡ್ ತಡ. ಒಂದು ತುಂಡಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ನಾಲ್ಕಕ್ಕೂ ಅದೇ ತಪ್ಪಾದರೆ 33 ಮಿಲಿಸೆಕೆಂಡ್. ಮುಂದಿನ ಕಿಕ್ ಎಡವಿದ ಹಾಗೆ ಕೇಳುತ್ತದೆ, ಕುಣಿಯುವವನ ಕಾಲಿಗೆ ಮೊದಲು ಗೊತ್ತಾಗುತ್ತದೆ.

ಗಾಯಕಿಯ ಪಾಲಿಗೆ ಇದರ ಪರಿಣಾಮ ವಿಚಿತ್ರ. ತನ್ನದೇ ಹಾಡಿನ ಅತಿ ಪ್ರಸಿದ್ಧ ಭಾಗವನ್ನು ಅವಳು ಹಾಡಲಾರಳು. ಬಾಯಲ್ಲಿ ತೊದಲಿದರೆ ಅದು ಅಣಕದ ಹಾಗೆ ಕೇಳುತ್ತದೆ. ಅನುಭವಸ್ಥರು ಆ ಜಾಗ ಬಂದ ಕೂಡಲೇ ಮೈಕನ್ನು ಬಾಯಿಂದ ದೂರ ಸರಿಸಿ ಕುಣಿತಕ್ಕೆ ತಿರುಗುತ್ತಾರೆ. ಜನರಿಗೂ ಅದೇ ಬೇಕು.

ಹನ್ನೆರಡು ಇಂಚಿನ ಸಿಂಗಲ್ ಈ ಕಸುಬಿನ ವಿಸಿಟಿಂಗ್ ಕಾರ್ಡು. ಒಂದು ಬದಿಗೆ ಆರೇಳು ನಿಮಿಷದ ಪೂರ್ಣ ಹಾಡು ಮತ್ತು ರೇಡಿಯೋಗೆ ಕತ್ತರಿಸಿದ ರೂಪ, ಇನ್ನೊಂದು ಬದಿಗೆ ದನಿಯನ್ನು ಚೂರುಚೂರು ಮಾಡಿದ ಡಬ್, ಬರೀ ವಾದ್ಯದ ರೂಪ, ಕೆಲವೊಮ್ಮೆ ಬರೀ ದನಿ. ಡಿಜೆಗೆ ಇವೆಲ್ಲ ಬೇಕು. ಗಾಯಕಿಗೆ ಬೇಕಾದ್ದು ಇವ್ಯಾವುದೂ ಅಲ್ಲ, ರೆಕಾರ್ಡಿನಲ್ಲಿ ಇಲ್ಲದ ಇನ್ನೊಂದು ಮಿಕ್ಸ್: ಲೀಡ್ ದನಿ ತೆಗೆದು, ಹಿನ್ನೆಲೆ ದನಿ ಮತ್ತು ತೊದಲುಗಳನ್ನು ಉಳಿಸಿಕೊಂಡಿರುವಂಥದ್ದು. ನಮ್ಮ ಆರ್ಕೆಸ್ಟ್ರಾದವರ ಬಾಯಲ್ಲಿ ಮೈನಸ್ ಟ್ರ್ಯಾಕ್. ಅದನ್ನು ಮಿಕ್ಸಿಂಗ್ ನಡೆದ ರಾತ್ರಿಯೇ, ಸದ್ದಿನ ಮಟ್ಟ ಏರಿಳಿಸುವ ಫೇಡರುಗಳು ಇದ್ದ ಜಾಗದಲ್ಲಿ ಇರುವಾಗಲೇ ತೆಗೆಸಿಕೊಳ್ಳಬೇಕು. ಕೆಲಸ ಹತ್ತು ನಿಮಿಷದ್ದು. ನಾಳೆ ನೋಡೋಣ ಅಂದರೆ ಬೋರ್ಡು ಬೇರೆಯವರಿಗೆ ಹೋಗಿರುತ್ತದೆ, ಅದೇ ಮಿಕ್ಸ್ ಮತ್ತೆ ಬರುವುದಿಲ್ಲ. ಆಗ ಗಾಯಕಿಗೆ ಉಳಿಯುವ ದಾರಿ ರೆಕಾರ್ಡಿನ ವಾದ್ಯರೂಪದ ಮೇಲೆ ಒಂಟಿ ದನಿಯಲ್ಲಿ ಹಾಡುವುದು. ಹಿಂದೆ ದನಿಗಳಿಲ್ಲ, ಉಸಿರಿಗೆ ಆಸರೆಯಿಲ್ಲ, ಹಾಡು ಬೋಳುಬೋಳು.

ಈ ಟ್ರ್ಯಾಕ್ ಹಿಡಿದುಕೊಂಡು ಮಾಡುವ ಕಾರ್ಯಕ್ರಮಕ್ಕೆ ಆ ವಲಯದಲ್ಲಿ ಟ್ರ್ಯಾಕ್ ಡೇಟ್ ಅಂತಲೇ ಹೆಸರು. ವಾದ್ಯಗಾರರಿಲ್ಲ. ಗಾಯಕಿ, ಇಬ್ಬರು ಡ್ಯಾನ್ಸರುಗಳು, ಕಾರು ಓಡಿಸಲು ಒಬ್ಬ, ದುಡ್ಡು ಎಣಿಸಲು ಮ್ಯಾನೇಜರ್. ಮೂರು ಹಾಡು, ಒಂದೊಂದು ನಾಲ್ಕು ನಿಮಿಷ, ನಡುವೆ ಮಾತುಕತೆ ಮೂರು ನಿಮಿಷ, ಒಟ್ಟು ಹದಿನೈದು. ಮುಗಿದ ಕೂಡಲೇ ಕಾರು ಹತ್ತಿ ಮುಂದಿನ ಕ್ಲಬ್ಬಿಗೆ. ಒಂದೇ ರಾತ್ರಿ ಎರಡು ಮೂರು ಕಡೆ ಹಾಡುವುದು ಹಿಟ್ ಇರುವ ಕಾಲದಲ್ಲಿ ಮಾಮೂಲು. ಹಿಟ್ ಹಾಡು ಯಾವಾಗಲೂ ಕೊನೆಗೆ. ಮೊದಲೇ ಹಾಡಿದರೆ ಜನ ಬಾರಿನ ಕಡೆ ಹೊರಟುಬಿಡುತ್ತಾರೆ. ಇರುವುದು ಒಂದೇ ಹಾಡಾದರೆ ಅದರ ಮುಂದೆ ಒಂದು ಹೊಸ ಹಾಡು, ಒಂದು ಎಲ್ಲರಿಗೂ ಗೊತ್ತಿರುವ ಬೇರೆಯವರ ಹಾಡು.

ದುಡ್ಡಿನ ಪದ್ಧತಿ ನಮ್ಮೂರ ಆರ್ಕೆಸ್ಟ್ರಾದ್ದೇ. ಅರ್ಧ ಮುಂಗಡ, ಉಳಿದರ್ಧ ವೇದಿಕೆ ಹತ್ತುವ ಮೊದಲು, ನಗದು. ಹಾಡಿದ ಮೇಲೆ ಕೊಡುತ್ತೇನೆ ಅನ್ನುವ ಕ್ಲಬ್ ಮಾಲೀಕ ಹಾಡಿದ ಮೇಲೆ ಸಿಗುವುದಿಲ್ಲ.

ಟ್ರ್ಯಾಕಿನಲ್ಲಿ ಮೂರು ಬಗೆ. ಒಂದು, ಲೀಡ್ ದನಿ ಪೂರ್ತಿ ತೆಗೆದದ್ದು. ಗಂಟಲು ಚೆನ್ನಾಗಿದ್ದರೆ ಇದೇ ಉತ್ತಮ. ಎರಡು, ಲೀಡ್ ದನಿಯನ್ನು 6ರಿಂದ 10 ಡೆಸಿಬೆಲ್ ತಗ್ಗಿಸಿ ಉಳಿಸಿಕೊಂಡದ್ದು. ಉಸಿರು ತಪ್ಪಿದಾಗ ಆಸರೆ. ಮೂರು, ಪೂರ್ತಿ ದನಿ ಇರುವ ರೆಕಾರ್ಡೇ. ಬರೀ ತುಟಿ ಆಡಿಸುವುದು. ಎರಡನೆಯದು ಜಾಣತನದ್ದು ಅನ್ನಿಸುತ್ತದೆ, ಆದರೆ ಅದರಲ್ಲೊಂದು ಬಲೆ ಇದೆ. ಗಾಯಕಿ ಹುರುಪಿನಲ್ಲಿ ಸಾಲಿನ ಎತ್ತುಗಡೆ ಬದಲಿಸಿದಳೋ, ಕೆಳಗೆ ಅಡಗಿದ್ದ ಹಳೆಯ ದನಿ ಬೇರೆ ದಾರಿಯಲ್ಲಿ ಹೋಗಿ ಇಬ್ಬರು ಹಾಡಿದ ಹಾಗೆ ಕೇಳುತ್ತದೆ. ನಿಜವಾಗಿ ಹಾಡುತ್ತಿದ್ದವಳ ಮೇಲೆ ತುಟಿ ಆಡಿಸುತ್ತಾಳೆ ಅನ್ನುವ ಅಪವಾದ ಬರುತ್ತದೆ. ಆ ಬಗೆಯ ಟ್ರ್ಯಾಕ್ ಇಟ್ಟುಕೊಂಡರೆ ರೆಕಾರ್ಡಿನಲ್ಲಿ ಹೇಗಿದೆಯೋ ಹಾಗೇ ಹಾಡಬೇಕು, ಒಂದು ಗಮಕವೂ ಆಚೀಚೆ ಆಗಬಾರದು.

ಕ್ಲಬ್ಬಿನಲ್ಲಿ ಕೆಡುವುದು ಏನೇನು? ಮೊದಲನೆಯದು ಡಿಜೆಯ ಪಿಚ್ ಪಟ್ಟಿ. ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್ಲಿನ ಬಲಕ್ಕೆ ಒಂದು ಜಾರುಪಟ್ಟಿ ಇದೆ, ವೇಗವನ್ನು ಶೇ 8ರಷ್ಟು ಮೇಲೆ ಕೆಳಗೆ ಮಾಡಬಹುದು. ಹಿಂದಿನ ಹಾಡಿಗೆ ಬೀಟು ಹೊಂದಿಸಲು ಡಿಜೆ ಅದನ್ನು ಶೇ 6ಕ್ಕೆ ಏರಿಸಿರುತ್ತಾನೆ. ಗಾಯಕಿ ಬಂದಾಗ ಅವಳ ವಾದ್ಯರೂಪದ ರೆಕಾರ್ಡು ಇಟ್ಟು, ಪಟ್ಟಿಯನ್ನು ಸೊನ್ನೆಗೆ ತರಲು ಮರೆಯುತ್ತಾನೆ. ಶೇ 6 ಅಂದರೆ ಸರಿಸುಮಾರು ಅರ್ಧ ಮನೆ ಶ್ರುತಿ, ಹಾರ್ಮೋನಿಯಮ್ಮಿನ ಪಕ್ಕದ ಕೀಲಿಯಷ್ಟು. 120ರ ಹಾಡು 127 ಆಗುತ್ತದೆ, ಶ್ರುತಿ ಅರ್ಧ ಮನೆ ಮೇಲೆ ಹೋಗುತ್ತದೆ. ಕುಣಿಯುವವರಿಗೆ ಏನೂ ತಿಳಿಯದು. ಗಾಯಕಿಗೆ ಮೊದಲ ಚರಣದಲ್ಲೂ ತಿಳಿಯದು. ಪಲ್ಲವಿಯ ತಾರಸ್ವರಕ್ಕೆ ಏರಿದಾಗ ಗಂಟಲು ಸೀಳುತ್ತದೆ, ಆಗ ತಿಳಿಯುತ್ತದೆ. ಇದಕ್ಕೇ ಹಳಬರು ರೆಕಾರ್ಡು ಕೊಡದೆ ಟೇಪು ಕೊಡುತ್ತಿದ್ದರು, ಮುಂದೆ ಡ್ಯಾಟ್ ಎಂಬ ಡಿಜಿಟಲ್ ಕ್ಯಾಸೆಟ್ಟು ಬಂದಾಗ ಅದನ್ನು. ಅದಕ್ಕೆ ಜಾರುಪಟ್ಟಿ ಇಲ್ಲ.

ಎರಡನೆಯದು ದೂರ. ಕ್ಲಬ್ಬಿನ ಸ್ಪೀಕರುಗಳು ಕುಣಿಯುವವರಿಗಾಗಿ ತೂಗಿಬಿಟ್ಟದ್ದು, ಹಾಡುವವರಿಗಾಗಿ ಅಲ್ಲ. ಗಾಯಕಿ ನಿಂತ ಜಾಗದಿಂದ ಸ್ಪೀಕರು 15 ಮೀಟರ್ ಆಚೆ ಇದ್ದರೆ ಸದ್ದು ಅವಳ ಕಿವಿಗೆ 44 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಕೇಳಿದ ತಾಳಕ್ಕೆ ಹಾಡಿದರೆ ಅವಳ ದನಿ ಜನರಿಗೆ ಇನ್ನಷ್ಟು ತಡವಾಗಿ ತಲುಪುತ್ತದೆ. ಇಡೀ ಹಾಡು ಹಿಂದೆ ಬಿದ್ದ ಹಾಗೆ, ಸೋಮಾರಿ ದನಿಯ ಹಾಗೆ ಕೇಳುತ್ತದೆ. ಕಾಲ ಬಳಿ ಒಂದು ಮಾನಿಟರ್, ಅಂದರೆ ಗಾಯಕಿಯ ಕಡೆಗೇ ತಿರುಗಿಸಿಟ್ಟ ಸ್ಪೀಕರು, ಇದ್ದರೆ ಈ ತೊಂದರೆಯೇ ಇಲ್ಲ. ಇಲ್ಲದ ಕಡೆ ಕೆಲವರು ಡಿಜೆ ಕ್ಯಾಬಿನ್ನಿನ ಪಕ್ಕದಲ್ಲೇ ನಿಂತು ಅವನ ಬೂತ್ ಸ್ಪೀಕರಿಗೆ ಕಿವಿ ಕೊಟ್ಟು ಹಾಡುತ್ತಾರೆ.

ಮೂರನೆಯದು ಮೈಕು ಕೂಗುವುದು. ತಲೆಯ ಮೇಲೆಯೇ ಸ್ಪೀಕರು, ಕೈಯಲ್ಲಿ ಮೈಕು, ಮೇಲಿಂದ ರ‍್ಯಾಪರುಗಳನ್ನು ನೋಡಿ ಮೈಕಿನ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿಯುವ ಷೋಕಿ. ಎಸ್‌ಎಂ58ರಂಥ ಮೈಕು ಹಿಂದಿನಿಂದ ಬರುವ ಸದ್ದನ್ನು ತಡೆಯುವುದು ಜಾಲರಿಯ ಕೆಳಗಿನ ಸಂದುಗಳ ಮೂಲಕ ಗಾಳಿ ಆಡುವುದರಿಂದ. ಅದನ್ನು ಮುಚ್ಚಿದರೆ ಮೈಕು ಎಲ್ಲ ದಿಕ್ಕಿನ ಸದ್ದನ್ನೂ ಹೀರಿಕೊಂಡು ಕುಂಯ್ ಅನ್ನುತ್ತದೆ. ಹಿಡಿಕೆ ಹಿಡಿಯಬೇಕು, ಜಾಲರಿ ಅಲ್ಲ.

ಇಷ್ಟೆಲ್ಲ ಸದ್ದಿನ ಮೇಲೆ, ಹೊಗೆ ತುಂಬಿದ ಕೋಣೆಯಲ್ಲಿ, ವಾರಕ್ಕೆ ನಾಲ್ಕು ರಾತ್ರಿ, ರಾತ್ರಿಗೆ ಮೂರು ಸಲ ಹಾಡಿದರೆ ಗಂಟಲು ಏನಾಗಬೇಕು? ದನಿ ಕುಸಿದ ರಾತ್ರಿ ತುಟಿ ಆಡಿಸುವುದನ್ನು ಅಪರಾಧದ ಹಾಗೆ ಮಾತಾಡುವವರು ಆ ರಾತ್ರಿ ಅವಳು ಹಾಡದಿದ್ದರೆ ಬಾಕಿ ಅರ್ಧ ಸಿಗುವುದಿಲ್ಲ ಅನ್ನುವುದನ್ನು ಮರೆಯುತ್ತಾರೆ.

ಈಗ ಮುಖ್ಯ ವಿಷಯ, ಹೆಸರು. ಮಯಾಮಿಯ ಎಕ್ಸ್‌ಪೋಸೆ ತಂಡದ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. 1984ರಲ್ಲಿ ನಿರ್ಮಾಪಕ ಲೂಯಿಸ್ ಮಾರ್ಟಿನೇ ಕಟ್ಟಿದ ಮೂವರು ಹುಡುಗಿಯರ ತಂಡ. "ಪಾಯಿಂಟ್ ಆಫ್ ನೋ ರಿಟರ್ನ್" ಕ್ಲಬ್ಬುಗಳಲ್ಲಿ ಗೆದ್ದಿತು. 1986ರಲ್ಲಿ ಮೂವರೂ ಬದಲಾದರು. ಜೆನೆಟ್ ಹುರಾಡೊ, ಜೋಯಾ ಬ್ರೂನೊ, ಆನ್ ಕರ್ಲೆಸ್ ಬಂದರು. 1987ರ "ಎಕ್ಸ್‌ಪೋಷರ್" ಆಲ್ಬಮ್ಮಿನಿಂದ ನಾಲ್ಕು ಹಾಡು ಅಮೆರಿಕದ ಟಾಪ್ 10ಕ್ಕೆ ಹೋದವು. ಹೊಸ ದನಿಯಲ್ಲಿ ಮತ್ತೆ ಹಾಡಿಸಿದ "ಪಾಯಿಂಟ್ ಆಫ್ ನೋ ರಿಟರ್ನ್" ಅವುಗಳಲ್ಲೊಂದು. 1988ರ ಫೆಬ್ರವರಿಯಲ್ಲಿ "ಸೀಸನ್ಸ್ ಚೇಂಜ್" ಮೊದಲ ಸ್ಥಾನ. ಮುಂದೆ ಬ್ರೂನೊ ಅವರ ಗಂಟಲಲ್ಲಿ ಕ್ಯಾನ್ಸರ್ ಅಲ್ಲದ ಗೆಡ್ಡೆ ಕಾಣಿಸಿಕೊಂಡು ದನಿಯೇ ಹೋಯಿತು, 1992ರ ಹೊತ್ತಿಗೆ ಅವರ ಜಾಗಕ್ಕೆ ಕೆಲ್ಲಿ ಮನಿಮೇಕರ್ ಬಂದರು. ತೊಂಬತ್ತರ ದಶಕದ ನಡುವಿಗೆ ತಂಡ ನಿಂತುಹೋಯಿತು.

ಹಳೆಯ ಮೂವರು ಮತ್ತೆ ಒಟ್ಟಾಗಿ ಹಾಡಲು ಹೊರಟಾಗ ಎಕ್ಸ್‌ಪೋಸೆ ಅನ್ನುವ ಪದ ತಮ್ಮದು ಅಂತ ಮೂಲ ನಿರ್ಮಾಣ ಸಂಸ್ಥೆಯ ಹಕ್ಕು ಪಡೆದಿದ್ದ ಕಂಪನಿ ಹೇಳಿತು. 2006ರಲ್ಲಿ ಗಾಯಕಿಯರು ಆ ಕಂಪನಿಯಿಂದ ಪರವಾನಗಿ ಪಡೆದು ತಮ್ಮದೇ ಹೆಸರಿಗೆ ಶುಲ್ಕ ಕಟ್ಟುವ ಒಪ್ಪಂದಕ್ಕೆ ಸಹಿ ಹಾಕಿದರು. ಆಮೇಲೆ ಕಟ್ಟುವುದು ನಿಲ್ಲಿಸಿದರು, ಮೊಕದ್ದಮೆ ನಡೆಯಿತು. 2011ರಲ್ಲಿ ಅಮೆರಿಕದ 11ನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಗಾಯಕಿಯರ ಪರ ತೀರ್ಪು ಕೊಟ್ಟಿತು. ನ್ಯಾಯಾಲಯ ನೋಡಿದ್ದು ಎರಡು: ಆ ಹೆಸರು ಕೇಳಿದರೆ ಜನರ ಮನಸ್ಸಿಗೆ ಬರುವವರು ಯಾರು, ಆ ಹೆಸರಿನಡಿ ಸಿಗುವ ಕಾರ್ಯಕ್ರಮದ ಗುಣಮಟ್ಟ ಯಾರ ಕೈಯಲ್ಲಿದೆ. ಎರಡಕ್ಕೂ ಉತ್ತರ ಗಾಯಕಿಯರೇ. ಹೆಸರು ಮೊದಲು ಇಟ್ಟವರು ಯಾರು ಅನ್ನುವುದು ಅಷ್ಟು ಮುಖ್ಯವಾಗಲಿಲ್ಲ. ಈ ವಲಯದಲ್ಲಿ ಹಾಡುವ ಯಾರೇ ಆಗಲಿ ಈ ಹುರಾಡೊ ಪ್ರಕರಣ ಓದಿಕೊಳ್ಳಬೇಕು. ಆದರೆ ಅದನ್ನು ನೆಚ್ಚಿ ಕೂರುವಂತಿಲ್ಲ. ಮೂವರು ವರ್ಷಗಟ್ಟಲೆ ಅದೇ ಮುಖದಲ್ಲಿ ಜನರ ಮುಂದೆ ಇದ್ದದ್ದು ಅವರನ್ನು ಕಾಪಾಡಿತು. ವರ್ಷಕ್ಕೊಂದು ಮುಖ ಬದಲಾಗುವ ತಂಡದಲ್ಲಿ ಆ ವಾದ ನಿಲ್ಲುವುದು ಕಷ್ಟ. ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸುವುದು ಹಿಟ್ ಬರುವ ಮೊದಲಿನ ಕೆಲಸ.

ಒಂಟಿ ಗಾಯಕಿಯಾದರೆ ಪಾರು ಅಂದುಕೊಳ್ಳಬೇಡಿ. ಮಯಾಮಿಯ ಡೆಬಿ ಡೆಬ್ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ. ಪ್ರೆಟಿ ಟೋನಿ ನಿರ್ಮಾಣದಲ್ಲಿ "ವೆನ್ ಐ ಹಿಯರ್ ಮ್ಯೂಸಿಕ್", "ಲುಕೌಟ್ ವೀಕೆಂಡ್" ಹಾಡಿದರು. ಮಾರುಕಟ್ಟೆಗೆ ಬೇಕಾದ ಮೈಕಟ್ಟು ತನ್ನದಲ್ಲ ಅಂತ ಬೇರೆ ಹೆಣ್ಣುಮಕ್ಕಳನ್ನು ತನ್ನ ಹೆಸರಿನಲ್ಲಿ ವೇದಿಕೆಗೆ ನಿಲ್ಲಿಸಲಾಗುತ್ತಿತ್ತು ಅಂತ ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಟ್ರ್ಯಾಕಿನಲ್ಲಿ ದನಿ ಇದ್ದ ಮೇಲೆ ವೇದಿಕೆಗೆ ಯಾರು ಬಂದರೇನು ಅನ್ನುವ ಲೆಕ್ಕ. ಮೇಲೆ ಹೇಳಿದ ಮೂರನೇ ಬಗೆಯ ಟ್ರ್ಯಾಕಿನ ನಿಜವಾದ ಅಪಾಯ ಇದು.

ರೆಕಾರ್ಡಿನಿಂದ ದುಡ್ಡು ಯಾಕೆ ಬರುವುದಿಲ್ಲ ಅನ್ನುವುದಕ್ಕೆ ಉತ್ತರ ಅಮೆರಿಕದ ಕಾನೂನಿನಲ್ಲಿದೆ. ಅಲ್ಲಿ ಎಎಂ, ಎಫ್‌ಎಂ ರೇಡಿಯೋದಲ್ಲಿ ಹಾಡು ಬಂದರೆ ಬರೆದವರಿಗೂ ಪ್ರಕಾಶಕರಿಗೂ ರಾಯಧನ ಉಂಟು, ಹಾಡಿದವರಿಗೆ ಬಿಡಿಗಾಸಿಲ್ಲ. ಫ್ರೀಸ್ಟೈಲ್ ಬೆಳೆದದ್ದೇ ರೇಡಿಯೋದಿಂದ, ಬಹುಪಾಲು ಹಾಡು ಬರೆದವರು ನಿರ್ಮಾಪಕರು. ಇಂಟರ್ನೆಟ್ ಮತ್ತು ಉಪಗ್ರಹ ರೇಡಿಯೋದಲ್ಲಿ ಮಾತ್ರ ಲೆಕ್ಕ ಬೇರೆ: ಸೌಂಡ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆ ಸಂಗ್ರಹಿಸುವ ಹಣದಲ್ಲಿ ಶೇ 50 ರೆಕಾರ್ಡಿಂಗ್ ಹಕ್ಕುದಾರರಿಗೆ, ಶೇ 45 ಮುಖ್ಯ ಗಾಯಕರಿಗೆ, ಶೇ 5 ಹಿನ್ನೆಲೆಯವರಿಗೆ. ಗಾಯಕಿ ಖುದ್ದಾಗಿ ಹೆಸರು ನೋಂದಾಯಿಸಬೇಕು, ಇಲ್ಲದಿದ್ದರೆ ಹಣ ಅಲ್ಲೇ ಕೊಳೆಯುತ್ತದೆ.

ಬರೆದವರಿಗೂ ಹಾಡಿದವರಿಗೂ ಇರುವ ಈ ಕಂದಕಕ್ಕೆ ನಮಗೆ ಹತ್ತಿರದ ಒಂದು ಉದಾಹರಣೆ ಇದೆ. ಮ್ಯಾನ್‌ಹಟನ್ನಿನ ಹೆಲ್ಸ್ ಕಿಚನ್ನಿನ ಲೀಸಾ ವೆಲೆಜ್, ಫನ್‌ಹೌಸ್ ಕ್ಲಬ್ಬಿನಲ್ಲಿ ಕಣ್ಣಿಗೆ ಬಿದ್ದು ಲೀಸಾ ಲೀಸಾ ಆದರು. ಅವರ ಮೊದಲ ಹಾಡು "ಐ ವಂಡರ್ ಇಫ್ ಐ ಟೇಕ್ ಯು ಹೋಮ್", ನಿರ್ಮಾಣ ಫುಲ್ ಫೋರ್ಸ್ ಎಂಬ ಬ್ರೂಕ್ಲಿನ್ ತಂಡದ್ದು. 2005ರಲ್ಲಿ ಬ್ಲ್ಯಾಕ್ ಐಡ್ ಪೀಸ್ ತಂಡದ "ಡೋಂಟ್ ಫಂಕ್ ವಿತ್ ಮೈ ಹಾರ್ಟ್" ಬಂತಲ್ಲ, ಕಲ್ಯಾಣ್‌ಜಿ–ಆನಂದ್‌ಜಿಯವರ "ಅಪರಾಧ್", "ಡಾನ್" ಚಿತ್ರಗಳ ಸಂಗೀತದ ತುಣುಕು ಕೇಳಿ ನಾವೆಲ್ಲ ಬೆಚ್ಚಿದ್ದು, ಅದೇ ಹಾಡಿನ ಒಳಗೆ ಲೀಸಾ ಲೀಸಾ ಅವರ ಆ ಹಾಡಿನ ಸಾಲೂ ಇದೆ. ಆದರೆ ಅದು ಅವರ ದನಿಯ ತುಣುಕಲ್ಲ, ಹೊಸದಾಗಿ ಹಾಡಿಸಿದ್ದು. ಹೀಗೆ ಮರುಹಾಡಿಸಿದರೆ ಅನುಮತಿಯೂ ಹಣವೂ ಹಾಡು ಬರೆದವರಿಗೆ ಮಾತ್ರ. ಹಳೆಯ ರೆಕಾರ್ಡಿನ ತುಂಡನ್ನೇ ಬಳಸಿದ್ದರೆ ರೆಕಾರ್ಡಿಂಗಿನ ಹಕ್ಕುದಾರರನ್ನೂ ಕೇಳಬೇಕಿತ್ತು.

ಒಂದು ಮಾತು ಬಹಳ ಜನ ಒಪ್ಪಲಿಕ್ಕಿಲ್ಲ, ಆದರೂ ಹೇಳಬೇಕು. ಫ್ರೀಸ್ಟೈಲ್ ಗಾಯಕರು ದೇಶದ ಮೊದಲ ಸ್ಥಾನಕ್ಕೆ ಹೋದದ್ದು ಫ್ರೀಸ್ಟೈಲ್ ಬಿಟ್ಟಾಗ. "ಸೀಸನ್ಸ್ ಚೇಂಜ್" ನಿಧಾನದ ಹಾಡು. 1987ರಲ್ಲಿ ಲೀಸಾ ಲೀಸಾರನ್ನು ಎರಡು ಸಲ ಮೊದಲ ಸ್ಥಾನಕ್ಕೆ ಒಯ್ದ "ಹೆಡ್ ಟು ಟೋ", "ಲಾಸ್ಟ್ ಇನ್ ಇಮೋಷನ್" ಅರವತ್ತರ ದಶಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳ ಹಳೆಯ ಧಾಟಿಯವು. 1990ರಲ್ಲಿ ಸ್ವೀಟ್ ಸೆನ್ಸೇಷನ್ ಗೆದ್ದದ್ದು ನಿಧಾನಗೀತೆಯಿಂದ. ಅದೇ ವರ್ಷದ ಡಿಸೆಂಬರಿನಲ್ಲಿ ಮಯಾಮಿಯ ಸ್ಟೀವಿ ಬಿ ನಾಲ್ಕು ವಾರ ಮೊದಲ ಸ್ಥಾನದಲ್ಲಿ ಕೂತದ್ದು "ಬಿಕಾಸ್ ಐ ಲವ್ ಯು" ಎಂಬ, ಡ್ರಮ್ ಮೆಷಿನ್ನಿನ ಗದ್ದಲವಿಲ್ಲದ ಹಾಡಿನಿಂದ, ಅದನ್ನು ಬರೆದವರೂ ಬೇರೆಯವರು. ಅತ್ತ ನೋಯೆಲ್‌ರ "ಸೈಲೆಂಟ್ ಮಾರ್ನಿಂಗ್", ಕವರ್ ಗರ್ಲ್ಸ್ ತಂಡದ "ಷೋ ಮಿ" ಟಾಪ್ 40ರ ಒಳಗೇ ಬರಲಿಲ್ಲ. ಇವತ್ತು ಸಭಾಂಗಣದಲ್ಲಿ ಜನ ಎದ್ದು ನಿಂತು ಕೂಗಿ ಹಾಡುವುದು ಈ ಎರಡನ್ನು. ಚಾರ್ಟು ನೋಡಿ ಹಾಡಿನ ಆಯಸ್ಸು ಅಳೆಯಲು ಬರುವುದಿಲ್ಲ.

ತೊಂಬತ್ತರ ಆರಂಭದಲ್ಲಿ ನ್ಯೂಯಾರ್ಕಿನ ಹಾಟ್ 97 ರೇಡಿಯೋ ಸ್ಟೇಷನ್ ಹಿಪ್‌ಹಾಪ್ ಕಡೆ ಹೊರಳಿತು. ಲೂಯಿ ವೇಗಾ, ಟಾಡ್ ಟೆರಿಯಂಥ ನಿರ್ಮಾಪಕರು ಹೌಸ್ ಸಂಗೀತಕ್ಕೆ ಹೋದರು. ನಿರ್ಮಾಪಕ ಮೆಷಿನ್ ಎತ್ತಿಕೊಂಡು ಇನ್ನೊಂದು ಮನೆಗೆ ಹೋಗಬಹುದು, ಗಾಯಕಿಗೆ ಅಷ್ಟು ಸುಲಭವಲ್ಲ. ದಾಟಿದವರು ಸ್ಪ್ಯಾನಿಷಿನ ಸೇತುವೆ ಹಿಡಿದು ದಾಟಿದರು. ಸಫೈರ್ ಎಂಬ ಗಾಯಕಿಗೆ ಹಾಡು ಬರೆದುಕೊಡುತ್ತಿದ್ದ ಮಾರ್ಕ್ ಆಂಥನಿ 1991ರಲ್ಲಿ ವೇಗಾ ಜೊತೆ ಒಂದು ಡ್ಯಾನ್ಸ್ ಆಲ್ಬಮ್ ಮಾಡಿ, 1993ರಲ್ಲಿ ಸಾಲ್ಸಾ ಎಂಬ ಲ್ಯಾಟಿನ್ ಕುಣಿತದ ಸಂಗೀತಕ್ಕೆ ಹೋಗಿ ದೊಡ್ಡ ತಾರೆಯಾದರು. ಲಾ ಇಂಡಿಯಾ ಎಡ್ಡಿ ಪಾಲ್ಮಿಯೇರಿ ಅವರ ವಾದ್ಯವೃಂದದೊಡನೆ 1992ರಲ್ಲಿ ಸಾಲ್ಸಾ ಹಾಡಿ ಹೊಸ ಜನ್ಮ ಪಡೆದರು. ಜೂಡಿ ಟೋರೆಸ್ ಹಾಡುವುದರ ಜೊತೆಗೆ ರೇಡಿಯೋದಲ್ಲಿ ಮಾತಾಡುವ ಕೆಲಸ ಹಿಡಿದರು, ಅದೂ ಫ್ರೀಸ್ಟೈಲ್ ಹಾಕುವ ಕೆಟಿಯು ಸ್ಟೇಷನ್ನಿನಲ್ಲೇ. ಸ್ಟೀವಿ ಬಿಗೆ ಕೈಹಿಡಿದದ್ದು ಬ್ರೆಜಿಲ್. ಅಲ್ಲಿ ಫ್ರೀಸ್ಟೈಲ್ ಸೇರಿಕೊಂಡು ಫಂಕ್ ಮೆಲೊಡಿ ಎಂಬ ಸ್ಥಳೀಯ ಧಾಟಿಯೇ ಹುಟ್ಟಿತ್ತು, "ಸ್ಪ್ರಿಂಗ್ ಲವ್" ಅಲ್ಲಿನವರಿಗೆ ತಮ್ಮ ಮನೆ ಹಾಡು.

ಈಗಿನ ಕಾರ್ಯಕ್ರಮಗಳು ಕ್ಲಬ್ಬಿನಲ್ಲಿ ಕಡಿಮೆ, ಬ್ರಾಂಕ್ಸಿನ ಲೇಮನ್ ಸೆಂಟರಿನಂಥ ಸಭಾಂಗಣಗಳಲ್ಲಿ ಹೆಚ್ಚು. ಒಂದೇ ಟಿಕೆಟ್ಟಿಗೆ ಎಂಟ್ಹತ್ತು ಗಾಯಕರು. ಹದಿನೈದು ನಿಮಿಷದ ಲೆಕ್ಕ ಹಾಗೇ ಇದೆ.

ಹಳೆಯ ರೆಕಾರ್ಡಿನ ಹಕ್ಕು ಕೈಗೆ ಬರುವ ದಾರಿ ಎರಡು. ಅಮೆರಿಕದ ಕಾಪಿರೈಟ್ ಕಾಯಿದೆಯ 203ನೇ ಕಲಮಿನ ಪ್ರಕಾರ 1978ರಿಂದ ಈಚೆಗೆ ಬರೆದುಕೊಟ್ಟ ಹಕ್ಕನ್ನು ಸಾಮಾನ್ಯವಾಗಿ 35 ವರ್ಷದ ಮೇಲೆ ಹಿಂಪಡೆಯಬಹುದು. 1987ರ ಒಪ್ಪಂದಕ್ಕೆ 2022ರಲ್ಲಿ ಬಾಗಿಲು ತೆರೆದು ಐದು ವರ್ಷ ತೆರೆದಿರುತ್ತದೆ. ಆದರೆ ನೋಟಿಸನ್ನು ಕನಿಷ್ಠ ಎರಡು ವರ್ಷ ಮೊದಲೇ ಕೊಟ್ಟಿರಬೇಕು. ಗಡುವು ತಪ್ಪಿದರೆ ಮುಗಿಯಿತು. ಗಾಯಕಿ ಕೂಲಿಗೆ ಹಾಡಿದವಳು, ಹಕ್ಕು ಮೊದಲಿನಿಂದಲೂ ನಮ್ಮದೇ ಅನ್ನುವುದು ಕಂಪನಿಗಳ ಸಿದ್ಧ ಉತ್ತರ.

ಇನ್ನೊಂದು ದಾರಿ ಅದೇ ಹಾಡನ್ನು ಹೊಸದಾಗಿ ಹಾಡಿ ಸ್ವಂತ ರೆಕಾರ್ಡ್ ಮಾಡಿಕೊಳ್ಳುವುದು. ಮರುಹಾಡಬಾರದು ಅನ್ನುವ ಷರತ್ತಿನ ಅವಧಿ ಇಷ್ಟು ವರ್ಷದಲ್ಲಿ ಸಾಮಾನ್ಯವಾಗಿ ಎಂದೋ ಮುಗಿದಿರುತ್ತದೆ. 808ರ ಸದ್ದು ಈಗ ಸಾಫ್ಟ್‌ವೇರಿನಲ್ಲಿ ಸಿಗುತ್ತದೆ, ವೇಗ ಅಳೆದು ಇಟ್ಟರಾಯಿತು. ಕಷ್ಟ ಶ್ರುತಿಯದು. ಹತ್ತೊಂಬತ್ತರಲ್ಲಿ ಸಲೀಸಾಗಿ ಹಿಡಿದ ತಾರಸ್ವರ ಅರವತ್ತರ ಹತ್ತಿರ ಬಂದಾಗ ಸಿಗುವುದಿಲ್ಲ, ಟ್ರ್ಯಾಕನ್ನು ಒಂದು ಮನೆ ಇಳಿಸಬೇಕಾಗುತ್ತದೆ. ವಾದ್ಯ ಇಳಿಸಿದರೆ ತೊಂದರೆಯಿಲ್ಲ, ತೊದಲು ಇಳಿಸಿದರೆ ಹುಡುಗಿಯ ದನಿ ಜಡವಾಗಿ, ಗಡಸಾಗಿ ಕೇಳುತ್ತದೆ. ಹೊಸದಾಗಿ ಹಾಡಿ ತೊದಲು ಮಾಡಿದರೆ ಜನ ತಕ್ಷಣ ಇದು ಅದಲ್ಲ ಅನ್ನುತ್ತಾರೆ. ಹೀಗಾಗಿ ವೇದಿಕೆಯ ಟ್ರ್ಯಾಕಿನಲ್ಲಿ ಕೆಲವರು ಮೂಲ ಶ್ರುತಿಯನ್ನೇ ಉಳಿಸಿಕೊಂಡು, ತಾರಸ್ವರದ ಸಾಲಿಗೆ ಮೈಕನ್ನು ಜನರ ಕಡೆ ಹಿಡಿಯುತ್ತಾರೆ. ಆ ಸಾಲು ಜನರ ಬಾಯಲ್ಲಿ ಬರುತ್ತದೆ. ಅದರ ಹಿಂದೆಯೇ ತೊದಲು ಬರುತ್ತದೆ, ಬ್ಲೇಡಿನಲ್ಲಿ ಕತ್ತರಿಸಿದ ಆ ನಾಲ್ಕು ತುಂಡು, ಒಂದೊಂದೂ 1.875 ಇಂಚು. ಗಾಯಕಿ ಮೈಕು ಕೆಳಗಿಳಿಸಿ ಡ್ಯಾನ್ಸರುಗಳ ಕಡೆ ತಿರುಗುತ್ತಾಳೆ.